ವಿಮಾನ ಕಂಪೆನಿಗಳ ದಿವಾಳಿಯೂ ಅಧಿಕಾರಿಗಳ ನಿರ್ಗಮನದ ವದಂತಿಯೂ

ಸಾಲದ ಭಾರದಿಂದ ಕುಸಿದ ವಿಮಾನ ಕಂಪೆನಿಯೊಂದು ನ್ಯಾಯಮಂಡಳಿಯ ಆಶ್ರಯಕ್ಕೆ ಬಂದ ದಿನದಿಂದ ಅದರ ಕಚೇರಿಗಳಲ್ಲಿಯೂ ವಿಮಾನ ನಿಲ್ದಾಣಗಳಲ್ಲಿಯೂ ಒಂದೇ ಬಗೆಯ ಮಾತು ಹುಟ್ಟಿಕೊಳ್ಳುತ್ತದೆ. ಮುಖ್ಯಾಧಿಕಾರಿಗಳು ಹೊರಟುಹೋಗುವರಂತೆ, ಹಣಕಾಸಿನ ಅಧಿಕಾರಿಗಳು ಆಗಲೇ ಬೇರೆಡೆ ಕೆಲಸ ಗೊತ್ತುಮಾಡಿಕೊಂಡಿರುವರಂತೆ, ಹೊಸ ಧಣಿಗಳು ಬಂದೊಡನೆ ಹಳಬರೆಲ್ಲರಿಗೂ ವಿದಾಯವಂತೆ. ಈ ಅಂತೆಕಂತೆಗಳನ್ನು ಕೇಳಿ ನಗುವವರು ಸಂಬಳ ಬಾಕಿಯಿಲ್ಲದವರು. ಮೂರು ತಿಂಗಳ ಸಂಬಳ ಕಾಣದ ನೌಕರನಿಗೆ ಇವು ಹರಟೆಯಲ್ಲ. ತಾನು ಇನ್ನೂ ಕಾಯಬೇಕೇ, ಸಿಕ್ಕಿದ ಬೇರೆ ಕೆಲಸಕ್ಕೆ ಹೋಗಬೇಕೇ ಎಂಬುದನ್ನು ಅವನು ತೀರ್ಮಾನಿಸುವುದು ಇವುಗಳ ಆಧಾರದ ಮೇಲೆಯೇ. ಯಾತಕ್ಕೆಂದರೆ ಬೇರೆ ಆಧಾರವನ್ನು ಯಾರೂ ಅವನಿಗೆ ಕೊಟ್ಟಿರುವುದಿಲ್ಲ.

ಈ ವಿಷಯವನ್ನು ಇಂದು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ನಮ್ಮ ದೇಶದ ಎರಡು ದೊಡ್ಡ ವಿಮಾನ ಕಂಪೆನಿಗಳನ್ನು ದಿವಾಳಿ ಕಾನೂನಿನ ಮೂಲಕ ಉಳಿಸುವ ಪ್ರಯತ್ನಗಳು ಎಪ್ಪತ್ತನಾಲ್ಕು ದಿನಗಳ ಅಂತರದಲ್ಲಿ ಕೊನೆಗೊಂಡವು. 2024ರ ನವೆಂಬರ್ 7ರಂದು ಜೆಟ್ ಏರ್‌ವೇಸನ್ನು ಸಮಾಪನೆಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 2025ರ ಜನವರಿ 20ರಂದು ಗೋ ಫಸ್ಟ್ ಕಂಪೆನಿಗೂ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯಿಂದ ಅದೇ ಗತಿಯಾಯಿತು. ಎರಡರ ಇತಿಹಾಸದಲ್ಲಿಯೂ ಅಧಿಕಾರಿಗಳ ನಿರ್ಗಮನವು ಕೇವಲ ಒಂದು ಪ್ರಸಂಗವಾಗಿರಲಿಲ್ಲ. ಕಾಯಿಲೆಯ ಗುರುತೂ ಆಗಿತ್ತು, ಕೆಲವು ಮಟ್ಟಿಗೆ ಕಾಯಿಲೆ ಹೆಚ್ಚುವುದಕ್ಕೆ ಕಾರಣವೂ ಆಗಿತ್ತು.

ಜೆಟ್ ಏರ್‌ವೇಸಿನ ವಿಷಯವನ್ನು ಮೊದಲು ನೋಡೋಣ. 1993ರಲ್ಲಿ ಹಾರಾಟ ಆರಂಭಿಸಿದ ಈ ಕಂಪೆನಿಯು ಒಂದು ಕಾಲಕ್ಕೆ ದೇಶದ ಖಾಸಗಿ ವಿಮಾನಯಾನದ ಹೆಮ್ಮೆಯೆನಿಸಿತ್ತು. 2018ರ ಆಗಸ್ಟ್ ತಿಂಗಳ ಆದಿಯಲ್ಲಿ, ಖರ್ಚು ತಗ್ಗಿಸದಿದ್ದರೆ ಅರವತ್ತು ದಿನಗಳಾಚೆಗೆ ಕಂಪೆನಿ ನಡೆಯಲಾರದೆಂದು ನೌಕರರಿಗೆ ತಿಳಿಸಲಾಗಿದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಕಂಪೆನಿಯವರು ಅದು ಸತ್ಯಕ್ಕೆ ದೂರವಾದುದೆಂದೂ ದುರುದ್ದೇಶದಿಂದ ಕೂಡಿದುದೆಂದೂ ನಿರಾಕರಿಸಿದರು. ಅದೇ ತಿಂಗಳಲ್ಲಿ ಮೂರು ತಿಂಗಳ ಲೆಕ್ಕಪತ್ರಗಳ ಪ್ರಕಟಣೆಯನ್ನೂ ಮುಂದೂಡಿದರು. 2019ರ ಮಾರ್ಚ್ 25ರಂದು ಸಂಸ್ಥಾಪಕರಾದ ಶ್ರೀ ನರೇಶ್ ಗೋಯಲ್ ಅವರೂ ಅವರ ಪತ್ನಿಯವರೂ ಆಡಳಿತ ಮಂಡಳಿಯನ್ನು ಬಿಟ್ಟರು. ಏಪ್ರಿಲ್ 17ರ ರಾತ್ರಿ ಕೊನೆಯ ವಿಮಾನ ಹಾರಿತು. ಅರವತ್ತು ದಿನವೆಂಬ ಲೆಕ್ಕ ತಪ್ಪಿದ್ದಿರಬಹುದು. ಕಾಯಿಲೆಯ ಸುದ್ದಿ ಸುಳ್ಳಾಗಿರಲಿಲ್ಲ. ಒಂಬತ್ತು ತಿಂಗಳೊಳಗೆ ವದಂತಿಯೇ ನಿಜವಾಗಿ, ಅಧಿಕೃತ ನಿರಾಕರಣೆಯೇ ನಿಲ್ಲದೆ ಹೋದ ಮೇಲೆ, ಇಂಥ ನಿರಾಕರಣೆಗಳನ್ನು ಜನರು ನಂಬಬೇಕೆಂದು ಯಾವ ಬಾಯಿಂದ ಹೇಳುವುದು?

ಅಲ್ಲಿಂದ ಮುಂದೆ ಸಾಲ ಕೊಟ್ಟ ಬ್ಯಾಂಕುಗಳು ಕೊಳ್ಳುವವರನ್ನು ಹುಡುಕುತ್ತಿದ್ದ ಮೇ ತಿಂಗಳ ನಡುವಿನಲ್ಲಿ ಹಣಕಾಸಿನ ಮುಖ್ಯಸ್ಥರಾಗಿದ್ದ ಶ್ರೀ ಅಮಿತ್ ಅಗರ್ವಾಲ್ ಅವರ ರಾಜೀನಾಮೆ ಹೊರಬಿದ್ದಿತು; ಅದರ ಬೆನ್ನಿಗೇ ಮುಖ್ಯ ಕಾರ್ಯನಿರ್ವಾಹಕರಾದ ಶ್ರೀ ವಿನಯ್ ದುಬೆಯವರದೂ ಬಂದಿತು. ಜೂನ್ 20ರಂದು ನ್ಯಾಯಮಂಡಳಿಯು ದಿವಾಳಿ ಅರ್ಜಿಯನ್ನು ಅಂಗೀಕರಿಸುವಾಗ ಸುಮಾರು 20,000 ನೌಕರರಿದ್ದ ಸಂಸ್ಥೆಯಲ್ಲಿ ಅದರ ಒಳಹೊರಗನ್ನು ಬಲ್ಲ ಮುಖ್ಯರು ಉಳಿದಿರಲಿಲ್ಲ. ಜಾಲನ್-ಕಾಲ್‌ರಾಕ್ ಒಕ್ಕೂಟದ ಪುನರುಜ್ಜೀವನ ಯೋಜನೆಗೆ 2021ರ ಜೂನ್‌ನಲ್ಲಿ ಒಪ್ಪಿಗೆ ದೊರೆತ ಮೇಲೆ ಮತ್ತೆ ಆಸೆ ಚಿಗುರಿತು. 2022ರಲ್ಲಿ ಹೊಸ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದ ಶ್ರೀ ಸಂಜೀವ್ ಕಪೂರ್ ಅವರು ಒಂದೇ ಒಂದು ವಾಣಿಜ್ಯ ಹಾರಾಟವನ್ನೂ ಕಾಣದೆ 2023ರ ಮೇ ತಿಂಗಳಾರಂಭದಲ್ಲಿ ಹೊರಟರು. ಈ ಮಹನೀಯರ ಮೇಲೆ ವೈಯಕ್ತಿಕ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಹಣವಿಲ್ಲದ ಕಂಪೆನಿಯಲ್ಲಿ ಯಾರನ್ನೂ ಕಟ್ಟಿಹಾಕಿ ಕೂರಿಸಲಾಗದು. ನಮ್ಮ ಪ್ರಶ್ನೆ ಬೇರೆ. ಹೊರಟವರ ಸ್ಥಾನದಲ್ಲಿ ಹೊಣೆ ಹೊತ್ತವರು ಯಾರು, ಯಾವ ಕಾರಣದಿಂದ ಅವರು ಹೊರಟರು ಎಂಬುದು ಹಣ ಕಳೆದುಕೊಂಡವರಿಗೆ ಸಕಾಲದಲ್ಲಿ ತಿಳಿಯಿತೇ?

ಗೋ ಫಸ್ಟಿನ ವೃತ್ತಾಂತವು ಇನ್ನೂ ಬೋಧಪ್ರದವಾದುದು. ವಾಡಿಯಾ ಮನೆತನದ ಈ ಕಂಪೆನಿಯು 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಮಾರನೆಯ ದಿನದಿಂದ ಹಾರಾಟ ನಿಂತಿತು. 10ರಂದು ಅರ್ಜಿ ಅಂಗೀಕೃತವಾಯಿತು. ಪ್ರಾಟ್ ಅಂಡ್ ವಿಟ್ನಿಯವರ ಎಂಜಿನುಗಳು ಕೆಟ್ಟು ಅರ್ಧದಷ್ಟು ವಿಮಾನಗಳು ನೆಲಹಿಡಿದುದೇ ತನ್ನ ಅವನತಿಗೆ ಕಾರಣವೆಂದು ಕಂಪೆನಿಯು ದೂರಿತು. ಎಂಜಿನು ತಯಾರಕರು ಅದನ್ನು ಒಪ್ಪಲಿಲ್ಲ. ಬ್ಯಾಂಕು ಮೊದಲಾದ ಹಣಕಾಸಿನ ಸಾಲದಾತರಿಗೆ ಬರಬೇಕಾಗಿದ್ದುದು ರೂ. 6,521 ಕೋಟಿ. ಅವರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ಬ್ಯಾಂಕ್ ಆಫ್ ಬರೋಡಾ ಇವು ಪ್ರಜೆಗಳ ಠೇವಣಿಯಿಂದ ನಡೆಯುವ ಸರಕಾರೀ ಬ್ಯಾಂಕುಗಳೆಂಬುದನ್ನು ವಾಚಕರು ಮರೆಯಬಾರದು.

ಜುಲೈ 21ರಂದು ವಿಮಾನಯಾನ ಮಹಾನಿರ್ದೇಶನಾಲಯವು 15 ವಿಮಾನಗಳಿಂದ ದಿನಕ್ಕೆ 114 ಹಾರಾಟ ನಡೆಸುವ ಯೋಜನೆಯನ್ನು ಷರತ್ತುಗಳೊಡನೆ ಒಪ್ಪಿಕೊಂಡಿತು. ಹಣ ಬರಲಿಲ್ಲ, ವಿಮಾನ ಏಳಲಿಲ್ಲ. ವಿಮಾನಗಳನ್ನು ಬಾಡಿಗೆಗೆ ಕೊಟ್ಟಿದ್ದ ವಿದೇಶೀ ಕಂಪೆನಿಗಳು ತಮ್ಮ ಸೊತ್ತನ್ನು ಹಿಂದಕ್ಕೆ ಕೇಳಿದವು. ಅಕ್ಟೋಬರ್ 3ರಂದು ಕೇಂದ್ರ ಸರಕಾರದವರು ವಿಮಾನಗಳನ್ನೂ ಎಂಜಿನುಗಳನ್ನೂ ದಿವಾಳಿ ಕಾನೂನಿನ ರಕ್ಷಣೆಯಿಂದ ಹೊರಗಿಟ್ಟು ಅಧಿಸೂಚನೆ ಹೊರಡಿಸಿದರು. ನವೆಂಬರ್ 30ರಂದು ಮುಖ್ಯ ಕಾರ್ಯನಿರ್ವಾಹಕರಾದ ಶ್ರೀ ಕೌಶಿಕ್ ಖೋನಾ ಅವರು ನೌಕರರಿಗೆ ಪತ್ರ ಬರೆದು ವಿದಾಯ ಹೇಳಿದರು. 2024ರ ಏಪ್ರಿಲ್ 26ರಂದು 54 ವಿಮಾನಗಳ ನೋಂದಣಿ ರದ್ದುಗೊಳಿಸುವಂತೆ ದೆಹಲಿ ಉಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ವಿದೇಶೀ ಒಡೆಯರ ಸೊತ್ತಿಗೆ ಒಂದು ಅಧಿಸೂಚನೆಯಿಂದ ದಾರಿ ಸುಗಮವಾಯಿತು. ದೇಶದ ನೌಕರನ ಸಂಬಳಕ್ಕೆ ಅಂಥ ಅಧಿಸೂಚನೆ ಯಾವುದೂ ಹೊರಡಲಿಲ್ಲ. ಬಾಡಿಗೆದಾರರ ಹಕ್ಕು ನ್ಯಾಯವಾದುದೇ ಆಗಿರಬಹುದು. ಆದರೆ ತ್ವರೆಯು ಒಂದೇ ಕಡೆಗೆ ಏಕಿರಬೇಕೆಂದು ಕೇಳುವುದು ಅನ್ಯಾಯವಲ್ಲ.

ಇತರ ಉದ್ಯಮಗಳಲ್ಲಿ ಇಲ್ಲದ ಮಹತ್ವವು ವಿಮಾನಯಾನದಲ್ಲಿ ಅಧಿಕಾರಿಗಳ ನಿರ್ಗಮನಕ್ಕೆ ಏಕೆ ಎಂದು ಕೆಲವರು ಕೇಳಬಹುದು. ಗಿರಣಿಯ ವ್ಯವಸ್ಥಾಪಕನು ಹೋದರೂ ಮಗ್ಗಗಳು ಗಿರಣಿಯಲ್ಲಿಯೇ ಇರುತ್ತವೆ. ವಿಮಾನ ಕಂಪೆನಿಯ ಸ್ಥಿತಿ ಹಾಗಲ್ಲ. ಅದರ ವಿಮಾನಗಳು ಬಹುಪಾಲು ಬಾಡಿಗೆಯವು, ನಿಲ್ದಾಣಗಳು ಪರರವು, ಅದರ ನಿಜವಾದ ಆಸ್ತಿಯೆಂದರೆ ಹಾರಾಟದ ಪರವಾನಗಿ, ಪಳಗಿದ ಸಿಬ್ಬಂದಿ, ಜನರ ವಿಶ್ವಾಸ, ಈ ಮೂರೇ. ಪರವಾನಗಿಯು ನಿಲ್ಲಬೇಕಾದರೆ ಕಾನೂನಿನ ಪ್ರಕಾರ ಹೊಣೆಗಾರ ವ್ಯವಸ್ಥಾಪಕನೊಬ್ಬನಿರಬೇಕು. ಹಾರಾಟ, ಸುರಕ್ಷತೆ, ವಿಮಾನಗಳ ಸುಸ್ಥಿತಿ ಇವುಗಳಿಗೆ ಮಹಾನಿರ್ದೇಶನಾಲಯವು ಒಪ್ಪಿದ ಮುಖ್ಯಸ್ಥರಿರಬೇಕು. ಇಂಥವರಲ್ಲಿ ಇಬ್ಬರು ಮೂವರು ಹೋದರೆ ಪರವಾನಗಿಯೇ ಅಲುಗಾಡುತ್ತದೆ. ಹೋಗುವರೆಂಬ ಸುದ್ದಿ ಹರಡಿದರೂ ಸಾಕು: ಚಾಲಕರು ಬೇರೆ ಕಂಪೆನಿಗಳಿಗೆ ಅರ್ಜಿ ಹಾಕುತ್ತಾರೆ, ಪ್ರಯಾಣಿಕರು ಟಿಕೆಟ್ ಕೊಳ್ಳಲು ಹಿಂಜರಿಯುತ್ತಾರೆ, ಇಂಧನದವರು ನಗದು ಕೇಳುತ್ತಾರೆ. ಹೀಗೆ ಸುಳ್ಳಾಗಿ ಹುಟ್ಟಿದ ವದಂತಿಯೂ ತನ್ನ ಬಲದಿಂದಲೇ ನಿಜವಾಗಿಬಿಡುತ್ತದೆ. ವದಂತಿಯ ಹಾನಿಯನ್ನು ನಾವು ಅಲ್ಲಗಳೆಯುವವರಲ್ಲ. ಅದಕ್ಕೆ ಮದ್ದು ಯಾವುದೆಂಬುದರಲ್ಲಿ ಮಾತ್ರ ನಮಗೂ ಕಂಪೆನಿಗಳ ಆಡಳಿತವರ್ಗಕ್ಕೂ ಭಿನ್ನಾಭಿಪ್ರಾಯವಿದೆ. ಅವರ ಮದ್ದು ಮೌನ. ನಮ್ಮ ಮತದಲ್ಲಿ ಮೌನವೇ ಈ ರೋಗದ ಬೀಜ.

ಕಾನೂನು ಏನು ಹೇಳುತ್ತದೆ? 2016ರ ದಿವಾಳಿ ಸಂಹಿತೆಯ ಪ್ರಕಾರ ಅರ್ಜಿ ಅಂಗೀಕೃತವಾದೊಡನೆ ಆಡಳಿತ ಮಂಡಳಿಯ ಅಧಿಕಾರಗಳು ಅಮಾನತಾಗುತ್ತವೆ. ನ್ಯಾಯಮಂಡಳಿಯಿಂದ ನೇಮಕಗೊಂಡ ಉಸ್ತುವಾರಿ ಅಧಿಕಾರಿಯ ಕೈಗೆ ಆಡಳಿತ ಬರುತ್ತದೆ. ಕಂಪೆನಿಯ ಅಧಿಕಾರಿಗಳೆಲ್ಲರೂ ಅವನಿಗೆ ವರದಿ ಒಪ್ಪಿಸಬೇಕು, ಸಹಕಾರ ಕೊಡಬೇಕು. ಆಡಳಿತವರ್ಗದಲ್ಲಿ ಬದಲಾವಣೆ ಮಾಡಬೇಕಾದರೆ ಸಾಲದಾತರ ಸಮಿತಿಯ ಒಪ್ಪಿಗೆಯನ್ನು ಪಡೆಯಬೇಕು. ಹಾಗಾದರೆ ಮುಖ್ಯಾಧಿಕಾರಿಯ ನಿರ್ಗಮನವು ಸಾಲದಾತರಿಗೆ ಅರಿಕೆಯಾಗುವ ವಿಷಯವೆಂದಾಯಿತು. ಆದರೆ ಸಂಬಳ ಬಾಕಿಯಿರುವ ನೌಕರನಿಗೆ, ಮುಂಗಡ ಹಣ ಕೊಟ್ಟು ಟಿಕೆಟ್ ಕೊಂಡ ಪ್ರಯಾಣಿಕನಿಗೆ ಅದನ್ನು ತಿಳಿಸಬೇಕೆಂಬ ಸ್ಪಷ್ಟವಾದ ಕಟ್ಟಳೆ ಅಲ್ಲಿ ಇಲ್ಲ.

ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ತೋರಿರುವರು. 2023ರ ತಿದ್ದುಪಡಿಯಂತೆ, ಷೇರುಪೇಟೆಯಲ್ಲಿ ನಮೂದಾದ ಕಂಪೆನಿಯ ಮುಖ್ಯಾಧಿಕಾರಿಯು ರಾಜೀನಾಮೆ ಕೊಟ್ಟರೆ, ಅದು ಜಾರಿಗೆ ಬಂದ ಏಳು ದಿನಗಳೊಳಗೆ ಆ ಪತ್ರವನ್ನೂ ಅದರಲ್ಲಿ ಕೊಟ್ಟ ಕಾರಣಗಳನ್ನೂ ಪ್ರಕಟಿಸಬೇಕು. ಇಷ್ಟೇ ಅಲ್ಲದೆ, ಮೊದಲ 100 ದೊಡ್ಡ ಕಂಪೆನಿಗಳು 2024ರ ಜೂನ್ 1ರಿಂದಲೂ, ಮೊದಲ 250 ಕಂಪೆನಿಗಳು ಅದೇ ವರ್ಷದ ಡಿಸೆಂಬರ್ 1ರಿಂದಲೂ, ಷೇರಿನ ಬೆಲೆಯನ್ನು ಗಣನೀಯವಾಗಿ ಅಲುಗಿಸಿದ ವದಂತಿಯನ್ನು 24 ಗಂಟೆಗಳೊಳಗೆ ದೃಢೀಕರಿಸಬೇಕು, ನಿರಾಕರಿಸಬೇಕು, ಇಲ್ಲವೆ ಸ್ಪಷ್ಟಪಡಿಸಬೇಕು. ವದಂತಿಗೆ ಉತ್ತರ ಕೊಡುವುದು ಕಂಪೆನಿಯ ಕರ್ತವ್ಯವೆಂಬ ತತ್ತ್ವವನ್ನು ಹೀಗೆ ನಮ್ಮ ಕಾನೂನೇ ಒಪ್ಪಿಕೊಂಡಂತಾಯಿತು.

ಆದರೆ ವಿಚಿತ್ರವನ್ನು ನೋಡಿರಿ. ಈ ಕಟ್ಟಳೆಯ ರಕ್ಷಣೆಯು ಅತ್ಯಂತ ದೊಡ್ಡ, ಬಹುತೇಕ ಆರೋಗ್ಯವಂತ ಕಂಪೆನಿಗಳ ಷೇರುದಾರರಿಗೆ ದೊರೆಯಿತು. ದಿವಾಳಿಯಾದ ಕಂಪೆನಿಯು ಮೊದಲ 250ರಲ್ಲಿ ಉಳಿದಿರುವುದು ದುರ್ಲಭ. ಗೋ ಫಸ್ಟ್ ಅಂತೂ ಷೇರುಪೇಟೆಗೆ ಬಂದೇ ಇರಲಿಲ್ಲ. ಆದುದರಿಂದ ಸೆಬಿಯ ಪ್ರಕಟಣಾ ನಿಯಮಗಳು ಅದರ ಬಾಗಿಲವರೆಗೂ ಹೋಗಲಿಲ್ಲ. ವದಂತಿಯಿಂದ ಅತಿ ಹೆಚ್ಚು ನಷ್ಟ ಹೊಂದುವವರು ಎಲ್ಲಿರುವರೋ ಅಲ್ಲಿಯೇ ಉತ್ತರ ಕೊಡುವ ಕರ್ತವ್ಯವು ಇಲ್ಲವಾಗಿದೆ. ವೈದ್ಯರು ಗಟ್ಟಿಮುಟ್ಟಾದವನ ನಾಡಿ ಹಿಡಿದು, ರೋಗಿಯನ್ನು ನೆರೆಹೊರೆಯವರ ಊಹೆಗೆ ಬಿಟ್ಟಂತಾಯಿತು.

ಇದಕ್ಕೆ ಪ್ರತಿವಾದವೊಂದಿದೆ. ಕೊಳ್ಳುವವರೊಡನೆ ಮಾತುಕತೆ ನಡೆಯುತ್ತಿರುವಾಗ ಎಲ್ಲವನ್ನೂ ಬಯಲಿನಲ್ಲಿ ಹೇಳಿದರೆ ಬೆಲೆ ಕುಗ್ಗುವುದು, ಆದುದರಿಂದ ಗೌಪ್ಯವು ಸಾಲದಾತರ ಹಿತಕ್ಕಾಗಿಯೇ ಇದೆ ಎಂದು ಉಸ್ತುವಾರಿ ಅಧಿಕಾರಿಗಳು ಹೇಳುವುದುಂಟು. ಬೆಲೆಯ ಮಾತುಕತೆ ಗುಟ್ಟಾಗಿರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಅಧಿಕಾರಿಯು ಹೊರಟಿರುವನೇ ಇಲ್ಲವೇ ಎಂಬುದು ಬೆಲೆಯ ಮಾತಲ್ಲ. ಕೊಳ್ಳಲು ಬಂದವನಿಗೆ ಅದು ಹೇಗೂ ತಿಳಿದಿರುತ್ತದೆ. ತಿಳಿಯದಿರುವುದು ನೌಕರನಿಗೆ ಮಾತ್ರ. ಒಂದು ಕಡೆಯವರಿಗೆ ಗೊತ್ತಿದ್ದು ಇನ್ನೊಂದು ಕಡೆಯವರಿಗೆ ಮರೆಮಾಚಲ್ಪಟ್ಟುದಕ್ಕೆ ಗೌಪ್ಯವೆಂಬ ಮರ್ಯಾದೆಯ ಹೆಸರು ಸಲ್ಲದು.

ನಿರ್ಗಮನದ ಹಕ್ಕಿನಲ್ಲಿಯೂ ಸಮತೆಯಿಲ್ಲ. 2017ರಲ್ಲಿ ಮಹಾನಿರ್ದೇಶನಾಲಯವು ಮಾಡಿದ ನಿಯಮದಂತೆ ವಿಮಾನದ ಕಮಾಂಡರನು ಕೆಲಸ ಬಿಡಬೇಕಾದರೆ ಒಂದು ವರ್ಷದ, ಸಹಚಾಲಕನು ಆರು ತಿಂಗಳ ಮುನ್ಸೂಚನೆ ಕೊಡಬೇಕು. ಚಾಲಕರು ಥಟ್ಟನೆ ಹೊರಟರೆ ಪ್ರಯಾಣಿಕರಿಗೆ ತೊಂದರೆಯಾಗುವುದೆಂಬುದು ಅದಕ್ಕೆ ಕೊಟ್ಟ ಕಾರಣ. ಸಂಬಳ ಕಡಿತವಾದರೆ ಬೇಗ ಬಿಡುಗಡೆ ಕೇಳಬಹುದೆಂಬ ಸಣ್ಣ ಕಿಟಕಿಯೂ ಅದರಲ್ಲಿದೆ. ಆದರೆ ಇಡೀ ಕಂಪೆನಿಯನ್ನು ನಡೆಸುವ ಮುಖ್ಯಾಧಿಕಾರಿಯು ವೈಯಕ್ತಿಕ ಕಾರಣವೆಂಬ ಎರಡು ಪದಗಳೊಡನೆ ಅದೇ ದಿನ ಹೊರಡುವುದನ್ನು ದೇಶ ನೋಡಿದೆ. ಒಂದು ವಿಮಾನವನ್ನು ನಡೆಸುವವನಿಗೆ ಒಂದು ವರ್ಷದ ಕಟ್ಟು. ನೂರು ವಿಮಾನಗಳ ಕಂಪೆನಿಯನ್ನು ನಡೆಸುವವನಿಗೆ ಸಾರ್ವಜನಿಕರ ಮುಂದೆ ಒಂದು ದಿನದ ವಿವರಣೆಯ ಕಟ್ಟೂ ಇಲ್ಲ.

ಅಮೆರಿಕಾ ದೇಶದಲ್ಲಿ ವಿಮಾನ ಕಂಪೆನಿಗಳ ದಿವಾಳಿ ಹೊಸದಲ್ಲ. ಅಲ್ಲಿಯ ಅನುಭವ ನಮಗೆ ಪ್ರಯೋಜನಕರ. 2003ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸಿನ ನೌಕರರು ಕಂಪೆನಿಯನ್ನು ದಿವಾಳಿಯಿಂದ ತಪ್ಪಿಸುವ ಸಲುವಾಗಿ ವರ್ಷಕ್ಕೆ ಸುಮಾರು 180 ಕೋಟಿ ಡಾಲರುಗಳಷ್ಟು ತ್ಯಾಗಕ್ಕೆ ಒಪ್ಪಿದರು. ಅವರು ಮತ ಕೊಟ್ಟ ಮೇಲೆ, ಮೇಲಧಿಕಾರಿಗಳನ್ನು ಉಳಿಸಿಕೊಳ್ಳುವ ಹೆಸರಿನಲ್ಲಿ ಅವರಿಗೆ ವಿಶೇಷ ಬಹುಮಾನಗಳನ್ನೂ ನಿವೃತ್ತಿವೇತನದ ರಕ್ಷಣೆಯನ್ನೂ ಏರ್ಪಡಿಸಲಾಗಿತ್ತೆಂಬುದು ಬಯಲಾಯಿತು. ನೌಕರರ ಕೋಪಕ್ಕೆ ಗುರಿಯಾದ ಅಧ್ಯಕ್ಷ ಡೊನಾಲ್ಡ್ ಕಾರ್ಟಿ ಅದೇ ತಿಂಗಳ 24ರಂದು ರಾಜೀನಾಮೆ ಕೊಡಬೇಕಾಯಿತು. 2005ರಲ್ಲಿ ಅಲ್ಲಿಯ ಶಾಸನಸಭೆಯು ಕಾನೂನನ್ನೇ ತಿದ್ದಿತು: ದಿವಾಳಿಯಾದ ಕಂಪೆನಿಯು ಒಳಗಿನ ಮೇಲಧಿಕಾರಿಗೆ ಉಳಿಸಿಕೊಳ್ಳುವ ಹಣ ಕೊಡಬೇಕಾದರೆ, ಅವನಿಗೆ ಅಷ್ಟೇ ಅಥವಾ ಹೆಚ್ಚು ಸಂಬಳದ ಕೆಲಸವು ನಿಜವಾಗಿಯೂ ಬೇರೆಡೆ ಸಿಕ್ಕಿದೆಯೆಂದೂ ಅವನಿಲ್ಲದೆ ಸಂಸ್ಥೆ ಉಳಿಯದೆಂದೂ ನ್ಯಾಯಾಲಯಕ್ಕೆ ತೋರಿಸಿಕೊಡಬೇಕು.

ಅದೇ ಕಂಪೆನಿಯು 2011ರ ನವೆಂಬರ್ 29ರಂದು ಕೊನೆಗೂ ದಿವಾಳಿ ಅರ್ಜಿ ಹಾಕಿದಾಗ ಅಧ್ಯಕ್ಷ ಜೆರಾರ್ಡ್ ಆರ್ಪಿಯವರು ವಿದಾಯದ ಹಣವಿಲ್ಲದೆ ಅಧಿಕಾರ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಥಾಮಸ್ ಹಾರ್ಟನ್ ಅವರಿಗೆ, ಯು.ಎಸ್. ಏರ್‌ವೇಸಿನೊಡನೆ ಕಂಪೆನಿ ವಿಲೀನವಾಗುವ ಸಂದರ್ಭದಲ್ಲಿ, ಸುಮಾರು ಎರಡು ಕೋಟಿ ಡಾಲರುಗಳ ವಿದಾಯಧನವನ್ನು ಸೂಚಿಸಲಾಗಿತ್ತು. ದಿವಾಳಿ ನ್ಯಾಯಾಧೀಶರು 2013ರಲ್ಲಿ ಅದಕ್ಕೆ ಸಮ್ಮತಿಸಲು ನಿರಾಕರಿಸಿದರು. ಅಮೆರಿಕೆಯಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾವು ಹೇಳುತ್ತಿಲ್ಲ. ಅಲ್ಲಿ ಅಧಿಕಾರಿಯು ಯಾವಾಗ, ಎಷ್ಟು ಹಣದೊಡನೆ ಹೊರಡುವನೆಂಬುದು ನ್ಯಾಯಾಲಯದ ಬಹಿರಂಗ ಕಾಗದಗಳಲ್ಲಿ ಬರುತ್ತದೆ. ನೌಕರರ ಸಂಘಗಳು ಅದನ್ನು ಓದಿ ಆಕ್ಷೇಪಿಸಬಲ್ಲವು. ನಮ್ಮ ನೌಕರರು ಅದನ್ನು ಚಹದ ಅಂಗಡಿಯಲ್ಲಿ ಕೇಳಿ ತಿಳಿಯಬೇಕು.

ನಮ್ಮ ನಾಡಿನವರಿಗೆ ಈ ನೋವು ಹೊಸದಲ್ಲ. ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸಿನ ಪರವಾನಗಿಯು 2012ರ ಅಕ್ಟೋಬರ್‌ನಲ್ಲಿ ಅಮಾನತಾದಾಗ ಅದರ ನೌಕರರು ತಿಂಗಳುಗಟ್ಟಲೆ ಸಂಬಳ ಕಂಡಿರಲಿಲ್ಲ. ಆಗ ದಿವಾಳಿ ಸಂಹಿತೆಯಿರಲಿಲ್ಲ. 2016ರ ಮಾರ್ಚ್ 2ರಂದು ಒಡೆಯರಾದ ಶ್ರೀ ವಿಜಯ್ ಮಲ್ಯರು ದೇಶವನ್ನೇ ಬಿಟ್ಟು ಹೋದರು. ಬ್ಯಾಂಕುಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ಅವರನ್ನು ತಡೆಯಿರೆಂದು ಬೇಡುವ ಹೊತ್ತಿಗೆ ವಿಮಾನ ಹಾರಿಯಾಗಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆ ಪಾಠದ ತರುವಾಯ ಹುಟ್ಟಿದ ಸಂಹಿತೆಯಲ್ಲಿಯೂ ನಿರ್ಗಮನದ ವಿಷಯವು ಮಸುಕಾಗಿಯೇ ಉಳಿದಿರುವುದು ಶೋಚನೀಯ.

ಹಣ ಹಂಚಿಕೆಯ ಕ್ರಮವನ್ನು ನೋಡಿದರೆ ಈ ಮಾತಿನ ತೂಕ ತಿಳಿಯುವುದು. ಸಮಾಪನೆಯಲ್ಲಿ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಬಳಿಕ ಕಾರ್ಮಿಕರ 24 ತಿಂಗಳ ಬಾಕಿಯೂ ಒತ್ತೆ ಹಿಡಿದ ಸಾಲದಾತರ ಹಣವೂ ಸಮಾನವಾಗಿ. ಅನಂತರ ಇತರ ನೌಕರರ 12 ತಿಂಗಳ ಸಂಬಳ. ಟಿಕೆಟ್ ಕೊಂಡ ಪ್ರಯಾಣಿಕನು ಬಾಲದ ಕಡೆಗೆ. ಭವಿಷ್ಯನಿಧಿ, ಗ್ರಾಚ್ಯುಯಿಟಿಗಳನ್ನು ಕಾನೂನು ಪ್ರತ್ಯೇಕವಾಗಿ ಕಾಪಾಡಿದೆ. ಆದರೂ ಜೆಟ್ ನೌಕರರು ಅವನ್ನು ಪಡೆಯುವ ಹಕ್ಕನ್ನು ಸ್ಥಾಪಿಸಲು ಮೇಲ್ಮನವಿ ಮಂಡಳಿಗೆ ಹೋಗಬೇಕಾಯಿತು. ಅಲ್ಲಿ ಗೆದ್ದುದನ್ನು ಉಳಿಸಿಕೊಳ್ಳಲು 2023ರ ಜನವರಿಯವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಹೋರಾಡಬೇಕಾಯಿತು. ಸಂಹಿತೆಯು ಗೊತ್ತುಮಾಡಿದ ಗರಿಷ್ಠ ಅವಧಿ 330 ದಿನಗಳು. ಜೆಟ್ ವ್ಯವಹಾರ ಐದು ವರ್ಷಗಳಿಗೆ ಮೀರಿತು, ಗೋ ಫಸ್ಟಿನದು ಇಪ್ಪತ್ತು ತಿಂಗಳು ಹಿಡಿಯಿತು. ಕಾಯುವ ಒಂದೊಂದು ತಿಂಗಳೂ ನೌಕರನ ಮನೆಯಲ್ಲಿ ಮಗುವಿನ ಶಾಲೆಯ ಶುಲ್ಕ, ಮನೆಸಾಲದ ಕಂತು. ಮುಖ್ಯರು ಹೊರಟಿರುವರೆಂಬುದು ಸಕಾಲದಲ್ಲಿ ತಿಳಿದಿದ್ದರೆ ಎಷ್ಟೋ ಮಂದಿ ಆಸೆಯ ಬೆನ್ನುಹತ್ತಿ ಕೂರದೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು.

ಆದುದರಿಂದ ನಮ್ಮ ಸೂಚನೆಗಳು ಇವು. ದಿವಾಳಿ ಪ್ರಕ್ರಿಯೆಗೆ ಒಳಗಾದ ಪ್ರತಿಯೊಂದು ವಿಮಾನ ಕಂಪೆನಿಯಲ್ಲಿ, ಅದು ಷೇರುಪೇಟೆಯಲ್ಲಿರಲಿ ಇಲ್ಲದಿರಲಿ, ಮುಖ್ಯಾಧಿಕಾರಿಯ ರಾಜೀನಾಮೆಯನ್ನು ಉಸ್ತುವಾರಿ ಅಧಿಕಾರಿಯು 24 ಗಂಟೆಗಳೊಳಗೆ ನೌಕರರಿಗೂ ಸಾರ್ವಜನಿಕರಿಗೂ ಪ್ರಕಟಿಸಬೇಕು. ಹೊರಟವರು ಯಾರು, ಕಾರಣವೇನು, ವಿದಾಯದ ಹಣವೆಷ್ಟು, ಅವರ ಹೊಣೆಯನ್ನು ಹೊರುವವರು ಯಾರು ಎಂಬ ನಾಲ್ಕು ಸಂಗತಿಗಳು ಅದರಲ್ಲಿರಬೇಕು. ಪರವಾನಗಿಗೆ ಅವಶ್ಯಕರಾದ ಅಧಿಕಾರಿಗಳಿಗೆ ಹೊಣೆಯನ್ನು ಕ್ರಮವಾಗಿ ಒಪ್ಪಿಸಿಕೊಡುವಷ್ಟು ಮುನ್ಸೂಚನೆಯ ಅವಧಿಯನ್ನು ಮಹಾನಿರ್ದೇಶನಾಲಯವು ಗೊತ್ತುಮಾಡಬೇಕು. ಆ ಅವಧಿಯ ಸಂಬಳವನ್ನು ಪ್ರಕ್ರಿಯೆಯ ಖರ್ಚಿನಿಂದ ಕೊಡಬೇಕು, ಬಿಟ್ಟಿ ದುಡಿಯಿರೆಂದು ಯಾರಿಗೂ ಹೇಳಬಾರದು. ನೌಕರರ ಪ್ರತಿನಿಧಿಗೆ ಸಾಲದಾತರ ಸಮಿತಿಯ ಮುಂದೆ ಪ್ರಶ್ನೆ ಕೇಳುವ ಅವಕಾಶವನ್ನು ಖಚಿತಪಡಿಸಬೇಕು.

ಇವಕ್ಕೆ ಹೊಸ ಇಲಾಖೆಯೂ ಬೇಡ, ಬೊಕ್ಕಸದ ಹಣವೂ ಬೇಡ; ನಿಯಮಾವಳಿಯಲ್ಲಿ ಕೆಲವು ಸಾಲುಗಳು ಸಾಕು. ವಿದೇಶೀ ಬಾಡಿಗೆದಾರರ ಸಲುವಾಗಿ 2023ರಲ್ಲಿ ಐದು ತಿಂಗಳೊಳಗೆ ಅಧಿಸೂಚನೆ ಹೊರಡಿಸಬಲ್ಲ ಸರಕಾರದವರಿಗೆ, ತಮ್ಮ ದೇಶದ ನೌಕರರ ಸಲುವಾಗಿ ಇಷ್ಟನ್ನು ಮಾಡುವುದು ಕಷ್ಟವಾಗಬಾರದು. ಕಂಪೆನಿ ವ್ಯವಹಾರಗಳ ಸಚಿವಾಲಯದವರೂ ವಿಮಾನಯಾನ ಸಚಿವಾಲಯದವರೂ, ಇನ್ನೊಂದು ವಿಮಾನ ಕಂಪೆನಿಯು ನ್ಯಾಯಮಂಡಳಿಯ ಮೆಟ್ಟಿಲೇರುವ ಮೊದಲೇ, ಒಡಗೂಡಿ ಇದನ್ನು ನೆರವೇರಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.